ಗೋಣು ಹಾಕಿದರೆ ಹೌದೇ?

ಭಾಲ್ಕಿಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಬರೆದು ಕೇಳಿದ್ದಾಳೆ: ‘ಮುತ್ಯಾ, ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಪರದೇಶದವನೊಬ್ಬ ನಾವು ತಲೆ ಆಡಿಸುವುದನ್ನು ಆಡಿಸಿ ತೋರಿಸಿ ನಗುತ್ತಾನೆ. ನಾವು ಹೌದು ಅಂದೆವೋ ಅಲ್ಲ ಅಂದೆವೋ ಅವನಿಗೆ ತಿಳಿಯುವುದೇ ಇಲ್ಲವಂತೆ. ನಾವು ಯಾಕೆ ಹಾಗೆ ಆಡಿಸುತ್ತೇವೆ?’

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಒಳ್ಳೆಯದೇ ಆಯಿತು. ಬೀದರ್, ಭಾಲ್ಕಿ, ಔರಾದ್ ಎಂದು ತಿರುಗುತ್ತ 36 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಗಾಜಿನ ಹಿಂದೆ ಕೂತವನಿಗೆ ಎದುರಿಗೆ ನಿಂತವರ ಮಾತು ಅರ್ಧ ಕೇಳಿಸುತ್ತದೆ, ತಲೆ ಮಾತ್ರ ಪೂರ್ತಿ ಕಾಣುತ್ತದೆ. ನಾನು ನೋಡಿದಷ್ಟು ತಲೆಗಳನ್ನು ಕ್ಷೌರಿಕರೂ ನೋಡಿರಲಿಕ್ಕಿಲ್ಲ!

ಮಕ್ಕಳೇ, ಮೊದಲು ಕನ್ನಡಿಯ ಮುಂದೆ ನಿಲ್ಲಿ. ನಿಮ್ಮ ಮೂಗಿನ ತುದಿಯನ್ನೇ ನೋಡುತ್ತಿರಿ. ‘ಊಹೂಂ, ಬ್ಯಾಡ’ ಎಂದು ತಲೆ ಆಡಿಸಿ. ಮೂಗು ಎಡಕ್ಕೂ ಬಲಕ್ಕೂ ಹೋಗುತ್ತದೆ. ಈಗ ಇಂಗ್ಲಿಷ್ ಸಿನಿಮಾದವರ ಹಾಗೆ ‘ಯೆಸ್’ ಅನ್ನಿ. ಮೂಗು ಮೇಲೆ ಕೆಳಗೆ ಹೋಗುತ್ತದೆ. ಕೊನೆಗೆ, ಅವ್ವ ‘ಅಂಗಡಿಗೆ ಹೋಗಿ ಬೆಲ್ಲ ತರ್ತೀಯೇನು?’ ಅಂದಾಗ ನೀವು ಆಡಿಸುವ ಹಾಗೆ ಆಡಿಸಿ. ಏನಾಯಿತು? ಮೂಗು ಇದ್ದಲ್ಲೇ ಇತ್ತು. ಕಿವಿಗಳು ಮಾತ್ರ ಒಂದಾದ ಮೇಲೊಂದು ಹೆಗಲ ಕಡೆಗೆ ಬಾಗಿದವು, ತಕ್ಕಡಿಯ ದಂಡಿಗೆ ತೂಗಿದ ಹಾಗೆ.

ಗುಟ್ಟು ಇಷ್ಟೇ. ಮೂಗು ಆಡಿದರೆ ಅಲ್ಲ, ಕಿವಿ ಆಡಿದರೆ ಹೌದು. ತೊಟ್ಟಿಲಿನಿಂದಲೇ ನೋಡುತ್ತ ಬಂದದ್ದರಿಂದ ಈ ವ್ಯತ್ಯಾಸ ನಮಗೆ ಥಟ್ಟನೆ ಕಾಣುತ್ತದೆ. ಹೊರಗಿನವರಿಗೆ ಎರಡೂ ಅಡ್ಡಡ್ಡ ಆಡಿದ ತಲೆಯೇ.

ಬೀದರಿನ ಚೌಬಾರಾ ಹತ್ತಿರ ಬಿದರಿ ಸಾಮಾನು ಮಾರುವ ಒಬ್ಬರು ನನಗೆ ಪರಿಚಯ. ಒಮ್ಮೆ ಅವರ ಅಂಗಡಿಗೆ ಪರದೇಶದ ದಂಪತಿ ಬಂದು ಬೆಳ್ಳಿ ಎಳೆ ಕೂಡಿಸಿದ ಸಣ್ಣ ಡಬ್ಬಿ ಕೈಗೆತ್ತಿಕೊಂಡರಂತೆ. ಗಂಡ ಬೆರಳಲ್ಲಿ ಎಣಿಸಿ ನಾನೂರು ಎಂದ. ಇವರು ತಲೆ ತೂಗಿದರು. ಆತ ಹೆಂಡತಿಯ ಮುಖ ನೋಡಿ ನಾನೂರಾ ಐವತ್ತು ಎಂದ. ಇವರಿಗೆ ಆಶ್ಚರ್ಯ, ಆದರೂ ತೂಗಿದರು. ಆತ ಐನೂರು ಎಂದ. ಆಗ ಇವರಿಗೆ ವಿಷಯ ಹೊಳೆದು, ಎರಡೂ ಕೈ ಎತ್ತಿ ‘ಓಕೆ, ಓಕೆ, ಫೋರ್ ಹಂಡ್ರೆಡ್’ ಎಂದು ಕೂಗಿ ನಾನೂರೇ ತೆಗೆದುಕೊಂಡರು. ‘ಇನ್ನೂ ನಾಕು ಸಲ ಗೋಣು ಹಾಕಿದ್ರ ಸಾವಿರ ಆಗ್ತಿತ್ತು ನೋಡ್ರಿ’ ಎಂದು ನಗುತ್ತ ಹೇಳಿದ್ದರು.

ಗೋಣು ಎಂದರೆ ಕುತ್ತಿಗೆ. ನಮ್ಮ ಕಡೆ ಒಪ್ಪಿಗೆ ಕೊಡುವುದಕ್ಕೆ ‘ಗೋಣು ಹಾಕಿದ’ ಅನ್ನುತ್ತಾರೆ. ಬೆಂಗಳೂರು ಕಡೆಯ ಮಕ್ಕಳಿಗೆ ಈ ಮಾತು ಹೊಸದಿರಬಹುದು. ಕನ್ನಡದಲ್ಲಿ ತಲೆಯ ಒಂದೊಂದು ಆಟಕ್ಕೂ ಒಂದೊಂದು ಮಾತಿದೆ. ಹಾಡು ಕೇಳಿ ಮೆಚ್ಚಿದರೆ ತಲೆದೂಗುತ್ತೇವೆ, ಹಿರಿಯರೆದುರು ತಲೆಬಾಗುತ್ತೇವೆ, ಒಲ್ಲದಿದ್ದರೆ ತಲೆ ಕೊಡವುತ್ತೇವೆ. ತೂಗುವುದರಲ್ಲೂ ಎಷ್ಟು ಬಗೆ! ಒಂದೇ ಸಲ ಓರೆಯಾಗಿ ಬಾಗಿದರೆ ‘ಆಯ್ತು’. ನಿಧಾನವಾಗಿ ತೂಗುತ್ತಲೇ ಇದ್ದರೆ ‘ಹೇಳು ಹೇಳು, ಕೇಳ್ತಿದ್ದೀನಿ’. ಬೇಗ ಬೇಗ ಆಡಿಸಿದರೆ ‘ಸಾಕು, ತಿಳೀತು, ಬಿಡು’. ರಸ್ತೆಯ ಆಚೆ ಬದಿಯಲ್ಲಿ ಹೋಗುವ ಗೆಳೆಯ ಒಂದು ಸಲ ತಲೆ ವಾಲಿಸಿದರೆ ‘ಆರಾಮಾ?’ ನಾವೂ ವಾಲಿಸಿದರೆ ‘ಆರಾಮ’. ಬಾಯಿ ತೆರೆಯದೆ ಕುಶಲ ಪ್ರಶ್ನೆ ಮುಗಿದು ಹೋಯಿತು.

ಬೀದರಿನಲ್ಲಿ ಈ ತಲೆಯ ಭಾಷೆಗೆ ಕೆಲಸ ಹೆಚ್ಚು, ಏಕೆಂದರೆ ಬಾಯಿಯ ಭಾಷೆಗಳು ನಾಲ್ಕಿವೆ. 1956ರ ನವೆಂಬರ್ 1ರಂದು ಹಳೆಯ ಹೈದರಾಬಾದ್ ರಾಜ್ಯ ಹಂಚಿಹೋದಾಗ ನಮ್ಮ ಜಿಲ್ಲೆಯೂ ಒಡೆಯಿತು. ಉದಗೀರ್, ಅಹಮದಪುರ, ನಿಲಂಗಾ ಮರಾಠಿ ಕಡೆಗೆ ಹೋದವು; ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ ಹೋದವು. ಗಡಿ ಬಂತು, ಆದರೆ ಜನರ ನಾಲಿಗೆಗೆ ಗಡಿ ಬರಲಿಲ್ಲ. ಔರಾದಿನಲ್ಲಿ ಅರ್ಧ ವ್ಯವಹಾರ ಮರಾಠಿಯಲ್ಲಿ, ಬೀದರಿನ ಪೇಟೆಯಲ್ಲಿ ದಖನಿ ಉರ್ದು, ಪೂರ್ವದ ಹಳ್ಳಿಗಳಲ್ಲಿ ತೆಲುಗು. ನಾನು ಕೌಂಟರಿನಲ್ಲಿ ಕೂತು ಗಮನಿಸಿದ ಒಂದು ತಮಾಷೆ ಹೇಳುತ್ತೇನೆ. ಕನ್ನಡದವರು ‘ಹೌದು’ ಅಂದರೆ ಮರಾಠಿಯವರು ‘ಹೋ’, ದಖನಿಯವರು ‘ಹೌ’, ತೆಲುಗಿನವರು ‘ಔನು’. ನಾಲ್ಕೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ! ‘ಇಲ್ಲ’ದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ: ಇಲ್ಲ, ನಾಹಿ, ನಹೀಂ, ಲೇದು. ದಖನಿಯವರ ‘ನಕ್ಕೋ’ ಮರಾಠಿಯ ‘ನಕೋ’ದಿಂದ ಬಂದದ್ದು.

ನಾಲ್ಕು ಭಾಷೆಯವರಿಗೂ ಸಲ್ಲುವ ಇನ್ನೊಂದು ‘ಇಲ್ಲ’ ಇದೆ. ಗದ್ದವನ್ನು ತುಸು ಮೇಲೆತ್ತಿ ನಾಲಿಗೆಯಿಂದ ‘ಚ್’ ಎನ್ನುವುದು. ‘ಬಸ್ಸು ಬಂತೇನ್ರಿ?’ ‘ಚ್.’ ಮುಗಿಯಿತು. ಅದೇ ಗದ್ದವನ್ನು ‘ಚ್’ ಇಲ್ಲದೆ ಮೇಲೆತ್ತಿದರೆ ಅರ್ಥವೇ ಬೇರೆ: ‘ಏನು?’ ಒಂದು ಸಣ್ಣ ಸದ್ದು ಪ್ರಶ್ನೆಯನ್ನು ಉತ್ತರ ಮಾಡಿಬಿಡುತ್ತದೆ. ಮಕ್ಕಳು ಹಾಗೆ ‘ಚ್’ ಅಂದರೆ ದೊಡ್ಡವರು ‘ಬಾಯಾಗ ನಾಲಿಗಿ ಇಲ್ಲೇನು?’ ಎಂದು ಬೈಯುತ್ತಾರೆ. ನಾಲಿಗೆಯಿಂದಲೇ ಅಂದದ್ದು ಎಂದು ಯಾವ ಮಗುವೂ ವಾದ ಮಾಡಿದ್ದನ್ನು ನಾನು ನೋಡಿಲ್ಲ.

ಈ ‘ಚ್’ ಒಂದು ಪ್ರಸಿದ್ಧ ಪುಸ್ತಕದಲ್ಲಿ ಸೇರಿದೆ. ಜೀವಿಗಳ ವಿಕಾಸದ ಬಗ್ಗೆ ಬರೆದ ಚಾರ್ಲ್ಸ್ ಡಾರ್ವಿನ್ ಹೆಸರು ಪಾಠದಲ್ಲಿ ಓದಿರುತ್ತೀರಿ. ಮನುಷ್ಯರೂ ಪ್ರಾಣಿಗಳೂ ಭಾವನೆಯನ್ನು ಮುಖದಲ್ಲಿ, ಮೈಯಲ್ಲಿ ಹೇಗೆ ತೋರಿಸುತ್ತವೆ ಎಂದು ಆತ 1872ರಲ್ಲಿ ಇನ್ನೊಂದು ಪುಸ್ತಕ ಬರೆದ. ಅದಕ್ಕಾಗಿ ಲೋಕದ ಮೂಲೆ ಮೂಲೆಯಲ್ಲಿದ್ದ ತನ್ನ ದೇಶದವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದ್ದ. ಅದರಲ್ಲಿ ಒಂದು ಪ್ರಶ್ನೆ: ಅಲ್ಲಿಯ ಜನ ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ, ಅಲ್ಲ ಎನ್ನಲು ಅಡ್ಡಡ್ಡ ಆಡಿಸುತ್ತಾರೆಯೇ? ಅಹಮದನಗರದಿಂದ, ಅಂದರೆ ಈಗಿನ ಅಹಿಲ್ಯಾನಗರದಿಂದ, ಎರ್ಸ್ಕಿನ್ ಎಂಬ ಇಂಗ್ಲಿಷ್ ಅಧಿಕಾರಿ ಉತ್ತರ ಬರೆದರು. ಇಲ್ಲಿಯವರು ಅಲ್ಲ ಎನ್ನಲು ಕೆಲವೊಮ್ಮೆ ಅಡ್ಡಡ್ಡ ಆಡಿಸುವುದುಂಟು, ಆದರೆ ಹೆಚ್ಚಾಗಿ ತಲೆಯನ್ನು ಥಟ್ಟನೆ ಹಿಂದಕ್ಕೂ ತುಸು ಪಕ್ಕಕ್ಕೂ ಎಸೆದು ನಾಲಿಗೆಯಿಂದ ಸದ್ದು ಮಾಡುತ್ತಾರೆ ಎಂದು. ನಮ್ಮ ಬಸ್ ಸ್ಟ್ಯಾಂಡಿನ ‘ಚ್’ ಅದೇ ಅಲ್ಲವೇ? ಅಹಮದನಗರ ನಮಗೆ ಪರಕೀಯವೂ ಅಲ್ಲ. ಬೀದರ್ ಬಹಮನಿ ರಾಜಧಾನಿಯಾಗಿದ್ದು, ಆ ರಾಜ್ಯ ಒಡೆದಾಗ ಬೇರೆಯಾದ ಒಂದು ತುಂಡು ಅದು.

ಡಾರ್ವಿನ್ ಪುಸ್ತಕದಲ್ಲಿ ಅಬಿಸೀನಿಯದವರ, ಅಂದರೆ ಇಂದಿನ ಇಥಿಯೋಪಿಯದವರ, ಸುದ್ದಿಯೂ ಇದೆ. ಅವರು ಅಲ್ಲ ಎನ್ನಲು ತಲೆಯನ್ನು ಬಲ ಹೆಗಲ ಕಡೆಗೆ ಎಳೆದು ನಾಲಿಗೆ ಸದ್ದು ಮಾಡುತ್ತಾರಂತೆ. ಹೌದು ಎನ್ನಲು ತಲೆಯನ್ನು ಹಿಂದಕ್ಕೆ ಎಸೆದು ಹುಬ್ಬು ಎತ್ತುತ್ತಾರಂತೆ. ಇದನ್ನು ಓದಿದಾಗ ನನಗೆ ನಮ್ಮ ಬೀದರಿನ ಹಬ್ಸಿ ಕೋಟ್ ನೆನಪಾಯಿತು. ಬಹಮನಿ ಕಾಲದಲ್ಲಿ ಇಲ್ಲಿಗೆ ಬಂದು ಸೈನ್ಯದಲ್ಲಿ, ದರ್ಬಾರಿನಲ್ಲಿ ಹೆಸರು ಮಾಡಿದ ಆಫ್ರಿಕದ ಹಬ್ಸಿಗಳ ಗೋರಿಗಳು ಆ ದಿಬ್ಬದ ಮೇಲಿವೆ. ಅದೇ ಊರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನಿನವನು. ಇರಾನಿನಲ್ಲಿ ತಲೆ ಮೇಲೆತ್ತಿ ಹುಬ್ಬು ಏರಿಸಿದರೆ ‘ಇಲ್ಲ’. ಒಬ್ಬರ ಹೌದು ಇನ್ನೊಬ್ಬರ ಇಲ್ಲದ ಹಾಗೆಯೇ ಕಾಣುತ್ತದೆ! ಕುದುರೆ ವ್ಯಾಪಾರಕ್ಕೆ ಇಬ್ಬರೂ ಚೌಬಾರಾದಲ್ಲಿ ಎದುರುಬದುರು ನಿಂತರೆ ಹೇಗಿದ್ದಿರಬೇಕು, ನೀವೇ ಯೋಚಿಸಿ. ನಡುವೆ ನಮ್ಮ ಕನ್ನಡದ ದಲ್ಲಾಳಿಯೊಬ್ಬ ಕಿವಿ ತೂಗುತ್ತ ನಿಂತಿದ್ದರೆ ಇನ್ನೂ ಚೆಂದ.

ತುರ್ಕಿ, ಗ್ರೀಸಿನಲ್ಲೂ ತಲೆ ಮೇಲೆತ್ತುವುದು ಇಲ್ಲ ಎನ್ನಲಿಕ್ಕೇ. ಇದು ನಿನ್ನೆ ಮೊನ್ನೆಯದಲ್ಲ. ಗ್ರೀಕರ ಹಳೆಯ ಮಹಾಕಾವ್ಯ ಇಲಿಯಡ್‌ನಲ್ಲಿ ದೇವರಾಜ ಜ್ಯೂಸ್ ವರ ಕೊಡುವಾಗ ತಲೆಯನ್ನು ಕೆಳಗೆ ಬಾಗಿಸುತ್ತಾನೆ. ಅಥೀನಾ ದೇವಿ ಟ್ರಾಯ್ ನಗರದ ಹೆಂಗಸರ ಪ್ರಾರ್ಥನೆಯನ್ನು ಒಲ್ಲೆ ಎನ್ನುವಾಗ ತಲೆಯನ್ನು ಮೇಲೆ ಎತ್ತುತ್ತಾಳೆ.

ಗ್ರೀಸಿನ ನೆರೆಯ ಬಲ್ಗೇರಿಯ ಇನ್ನೂ ಮೋಜಿನ ದೇಶ. ಅಲ್ಲಿ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಅಲ್ಲ. ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ಈ ಬಗ್ಗೆ ಬರೆದ ಒಂದು ಸಂಗತಿ ನನಗೆ ಬಹಳ ಇಷ್ಟ. 1877–78ರ ಯುದ್ಧದಲ್ಲಿ ರಷ್ಯದ ಸೈನಿಕರು ಬಲ್ಗೇರಿಯಕ್ಕೆ ಹೋಗಿದ್ದರು. ರಷ್ಯದವರ ಹೌದು ಇಂಗ್ಲಿಷರ ಹೌದಿನ ಹಾಗೆಯೇ. ಗೊಂದಲವಾಯಿತು. ಸರಿ, ನಾವೇ ಇಲ್ಲಿಯ ರೀತಿ ಕಲಿಯೋಣ ಎಂದು ರಷ್ಯದವರು ಬಲ್ಗೇರಿಯದವರ ಹಾಗೆ ತಲೆ ಆಡಿಸತೊಡಗಿದರು. ಆಗ ಗೊಂದಲ ಇಮ್ಮಡಿಯಾಯಿತು! ಏಕೆಂದರೆ ಈ ಸೈನಿಕ ಈಗ ಆಡಿಸಿದ್ದು ಅವನ ಊರಿನ ರೀತಿಯೋ ನಮ್ಮ ಊರಿನ ರೀತಿಯೋ ಎಂದು ಬಲ್ಗೇರಿಯದವರಿಗೆ ತಿಳಿಯಲಿಲ್ಲ. ಪಾಪ, ಮರ್ಯಾದೆ ತೋರಿಸಲು ಹೋಗಿ ಹೀಗಾಯಿತು.

ಇದಕ್ಕೆಲ್ಲ ಮೂಲ ಎಲ್ಲಿ? ಡಾರ್ವಿನ್ ತೊಟ್ಟಿಲ ಕೂಸಿನಿಂದ ಶುರು ಮಾಡುತ್ತಾನೆ. ಹೊಟ್ಟೆ ತುಂಬಿದ ಕೂಸು ಹಾಲು ಒಲ್ಲದೆ ಮುಖವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಅದೇ ಮೊದಲ ‘ಬೇಡ’. ಬೇಕಾದಾಗ ಮುಂದಕ್ಕೆ ಬಾಗುತ್ತದೆ, ಅದೇ ಮೊದಲ ‘ಹೌದು’ ಎಂದು ಆತನ ಊಹೆ. ಮೊಮ್ಮಕ್ಕಳಿಗೆ ಅನ್ನ ಕಲಸಿ ಉಣಿಸಿದ ಅಜ್ಜಿಯರು ಇದರ ಮೊದಲ ಅರ್ಧವನ್ನು ಖಂಡಿತ ಒಪ್ಪುತ್ತಾರೆ. ಚಮಚ ಬಾಯಿಯ ಹತ್ತಿರ ಬಂತೆಂದರೆ ಮೂಗು ಆ ಕಡೆ, ಮತ್ತೆ ಆ ಕಡೆ ಹೋದರೆ ಮೂಗು ಈ ಕಡೆ. ಎರಡನೇ ಅರ್ಧ ನನಗೆ ಅಷ್ಟು ಹಿಡಿಸುವುದಿಲ್ಲ. ಬೇಕಾದಾಗ ನಮ್ಮ ಕೂಸುಗಳೂ ಮುಂದಕ್ಕೇ ಬಾಗುತ್ತವೆ, ಆದರೆ ದೊಡ್ಡವಾದ ಮೇಲೆ ಕಿವಿ ತೂಗುತ್ತವೆ. ‘ಬೇಡ’ವನ್ನು ಹೊಟ್ಟೆ ಕಲಿಸಿರಬಹುದು, ‘ಹೌದ’ನ್ನು ಊರೇ ಕಲಿಸುತ್ತದೆ ಎಂದು ನನ್ನ ಲೆಕ್ಕ.

ನನ್ನ ಉದ್ಯೋಗದಲ್ಲಿ ಕಷ್ಟ ಕೊಟ್ಟದ್ದು ಹೌದು-ಅಲ್ಲಗಳ ಗೊಂದಲವಲ್ಲ, ಇನ್ನೊಂದು. ಅದನ್ನು ಹೇಳಲು ಕಥೆ ಹೇಳುವ ಅಜ್ಜಿಯ ಹತ್ತಿರ ಹೋಗಬೇಕು. ಅಜ್ಜಿ ಕಥೆ ಹೇಳುವಾಗ ಮಕ್ಕಳು ‘ಹೂಂ’ ಅನ್ನುತ್ತಿರಬೇಕು. ‘ಒಂದೂರಾಗ ಒಬ್ಬ ರಾಜ ಇದ್ದ.’ ‘ಹೂಂ.’ ‘ಅವನ ಹೊಟ್ಯಾಗ ಒಂದು ಹುಲಿ ಇತ್ತು.’ ‘ಹೂಂ.’ ರಾಜನ ಹೊಟ್ಟೆಯಲ್ಲಿ ಹುಲಿ ಇತ್ತು ಎಂದು ಮಗು ಒಪ್ಪಿತೇ? ಇಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳು ಎಂದಿತು, ಅಷ್ಟೇ. ಹೂಂ ನಿಂತರೆ ಮಗು ಮಲಗಿದೆ ಎಂದು ಅರ್ಥ. ನಾವು ತಲೆ ತೂಗುವುದರಲ್ಲಿ ಮುಕ್ಕಾಲು ಪಾಲು ಈ ಹೂಂ ಜಾತಿಯದೇ. ಎದುರಿನವರು ಮಾತಾಡುವಾಗ ತಲೆ ಆಡಿಸದೆ ಕಂಬದ ಹಾಗೆ ಕೂತರೆ ನಮ್ಮಲ್ಲಿ ಸೊಕ್ಕು ಅನ್ನಿಸಿಕೊಳ್ಳುತ್ತದೆ. ಅದಕ್ಕೇ ಆಡಿಸುತ್ತೇವೆ. ಮರ್ಯಾದೆಗೆ ಆಡಿಸಿದ ತಲೆಗೂ ಒಪ್ಪಿ ಆಡಿಸಿದ ತಲೆಗೂ ಹೊರಗಿನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ.

ಕೋಲೆ ಬಸವ ನೋಡಿದ್ದೀರಾ? ಔರಾದ್ ಕಡೆ ಅದನ್ನೇ ನಂದಿಬೈಲ್ ಅನ್ನುತ್ತಾರೆ. ಜೂಲು ಹೊದಿಸಿದ ಎತ್ತು, ಗುಬುಗುಬು ಎನ್ನುವ ವಾದ್ಯ. ‘ಮಳಿ ಬರ್ತದೇನೋ ಬಸವಾ?’ ಅಂದರೆ ತಲೆ ಆಡಿಸುತ್ತದೆ. ‘ಮಗ ಪಾಸಾಗ್ತಾನೇನೋ?’ ಅದಕ್ಕೂ ಆಡಿಸುತ್ತದೆ. ಮರಾಠಿಯಲ್ಲಿ ಎಲ್ಲದಕ್ಕೂ ಹೂಂ ಅನ್ನುವವನಿಗೆ ನಂದಿಬೈಲ್ ಎಂದೇ ಹೆಸರು. ಬ್ಯಾಂಕಿನಲ್ಲಿ ಸಾಲದ ಕಾಗದ ಓದಿ ಹೇಳುವ ದಿನ ಮಾತ್ರ ಎದುರಿಗೆ ಕೂತವರು ಹಾಗೆ ಆಗಬಾರದು. ಕಾಗದ ಇಂಗ್ಲಿಷಿನಲ್ಲಿ ಇರುತ್ತಿತ್ತು. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳಿ, ‘ಓದಿ ತಿಳಿಸಲಾಗಿದೆ’ ಎಂದು ಬರೆದು, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳು. ಔರಾದ್ ಶಾಖೆಗೆ ಹಳ್ಳಿಯೊಂದರಿಂದ ಒಬ್ಬ ಮುದುಕಿ ಬಂದಿದ್ದಳು. ಮಗ ಬಾವಿಗೆ ಮೋಟರು ಕೂಡಿಸಲು ಸಾಲ ಕೇಳಿದ್ದ, ತಾಯಿಯ ಹೆಸರಿನಲ್ಲಿ ಮೂರು ಎಕರೆ ಇತ್ತು, ತಾಯಿ ಜಾಮೀನು. ನಾನು ಒಂದೊಂದೇ ಕಲಮು ಮರಾಠಿಯಲ್ಲಿ ಹೇಳುತ್ತ ಹೋದೆ. ಒಂದೊಂದಕ್ಕೂ ಆಕೆ ಸೆರಗು ಸರಿಮಾಡಿಕೊಂಡು ‘ಹೋ ಸಾಹೇಬ್’ ಎಂದು ತಲೆ ತೂಗಿದಳು. ಎಷ್ಟು ಚೆಂದ ತೂಗಿದಳೆಂದರೆ, ಬೇರೆ ಯಾರಾದರೂ ಆಗಿದ್ದರೆ ಮಸಿಯ ಪ್ಯಾಡು ಮುಂದಿಟ್ಟುಬಿಡುತ್ತಿದ್ದರು. ನನಗೆ ಒಂದು ಚಾಳಿ ಇತ್ತು, ಕೊನೆಗೆ ಒಂದು ತಿರುಗು ಪ್ರಶ್ನೆ ಕೇಳುವುದು. ಕೇಳಿದೆ: ‘ಆಯಿ, ಮಗ ಕಂತು ಕಟ್ಟಲಿಲ್ಲ ಅಂದ್ರ ಯಾರು ಕಟ್ಟಬೇಕು?’

ಆಕೆ ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿ ಅಂದಳು: ‘ಬ್ಯಾಂಕಿನವರು.’

ಮಗ ತಲೆ ಕೆಳಗೆ ಹಾಕಿದ. ನಾನು ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದೆ. ಜಾಮೀನು ಎಂದರೆ ‘ನನ್ನ ಮಗ ಒಳ್ಳೆಯವನು’ ಎಂದು ಸರ್ಕಾರದ ಮುಂದೆ ಹೇಳುವುದು ಎಂದು ಆಕೆ ತಿಳಿದಿದ್ದಳು. ಅದಕ್ಕೆ ತಲೆ ಆಡಿಸದ ತಾಯಿ ಯಾರು? ಮೂರು ಎಕರೆಯ ಮಾತು ಬಂದಾಗ ಮಾತ್ರ ಆ ತಲೆ ನಿಂತಿತು. ಒಂದು ನಿಮಿಷ ಅಲ್ಲಾಡಲೇ ಇಲ್ಲ. ಆವತ್ತು ಹೆಬ್ಬೆಟ್ಟು ಒತ್ತದೆ ಎದ್ದುಹೋದಳು. ಮುಂದಿನ ವಾರ ಅಣ್ಣನನ್ನು ಕರೆದುಕೊಂಡು ಬಂದು, ಮತ್ತೆ ಓದಿಸಿ, ಸಾಲವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಬಾಯಿ ಬಿಟ್ಟು ‘ನಾನು ಒಪ್ಪಿದೀನಿ’ ಅಂದಳು. ಆಗ ತಲೆ ಆಡಿಸಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ತಲೆ ಆಡಿಸಿದ್ದಕ್ಕೆ ಬೆಲೆ ಇಲ್ಲವೆಂದಲ್ಲ. ಡಾರ್ವಿನ್ ಪುಸ್ತಕ ಬಂದ 1872ರಲ್ಲೇ ನಮ್ಮ ದೇಶಕ್ಕೆ ಸಾಕ್ಷ್ಯ ಕಾಯ್ದೆ ಬಂತು. ಮಾತು ಬಾರದ ಸಾಕ್ಷಿ ಬರವಣಿಗೆಯಿಂದ ಇಲ್ಲವೇ ಸನ್ನೆಯಿಂದ ಹೇಳಿದ್ದನ್ನು ಬಾಯಿಮಾತಿನ ಸಾಕ್ಷಿಯೆಂದೇ ಹಿಡಿಯಬೇಕು ಎಂದು ಅದರ 119ನೇ ಕಲಮು ಹೇಳುತ್ತಿತ್ತು. ಆದರೆ ಆ ಸನ್ನೆ ತೆರೆದ ನ್ಯಾಯಾಲಯದಲ್ಲಿ, ಎಲ್ಲರ ಎದುರಿಗೆ ಆಗಬೇಕು.

ಇನ್ನು ನನ್ನ ಓರಗೆಯವರಿಗೆ ಒಂದು ಮಾತು. ಕಿವಿ ಮಂದವಾದ ಮೇಲೆ ನಮ್ಮ ತಲೆ ಹೆಚ್ಚು ಆಡುತ್ತದೆ, ಗಮನಿಸಿದ್ದೀರಾ? ‘ಏನಂದ್ರಿ?’ ಎಂದು ಮೂರು ಸಲ ಕೇಳಲು ಸಂಕೋಚ, ತೂಗಿಬಿಟ್ಟರೆ ಸುಲಭ. ನನ್ನ ಗೆಳೆಯರೊಬ್ಬರು ಹೀಗೆ ಡಾಕ್ಟರ ಎದುರು ಐದು ನಿಮಿಷ ತಲೆ ತೂಗಿ ಹೊರಗೆ ಬರುತ್ತಿದ್ದರು. ಜೊತೆಗಿದ್ದ ಏಳನೇ ತರಗತಿಯ ಮೊಮ್ಮಗಳು ಬಾಗಿಲಲ್ಲೇ ನಿಲ್ಲಿಸಿದಳು. ‘ಮುತ್ಯಾ, ಹಳದಿ ಗುಳಿಗಿ ಎಷ್ಟು ಹೊತ್ತಿಗೆ?’ ಅವರು ತಲೆ ತೂಗಿದರು. ‘ಗೋಣು ಬ್ಯಾಡ, ಬಾಯಿಲೆ ಹೇಳು.’ ಅವರಿಗೆ ತಿಳಿದಿದ್ದರೆ ತಾನೆ? ಹುಡುಗಿ ಅವರ ಕೈ ಹಿಡಿದು ಒಳಗೆ ಕರೆದೊಯ್ದು, ಡಾಕ್ಟರಿಂದ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಬಂದಳು. ಹಳದಿಯದು ರಾತ್ರಿ ಅರ್ಧ ಮಾತ್ರ ಇತ್ತು.

ಶಾಲೆಯಲ್ಲಿ ‘ತಿಳೀತೇನ್ರೋ?’ ಎಂದಾಗ ಆಡುವ ನಲವತ್ತು ತಲೆಗಳ ವಿಷಯ ನಾನು ಎತ್ತುವುದಿಲ್ಲ. ನಿಮಗೂ ಗೊತ್ತು, ನಿಮ್ಮ ಮಾಸ್ತರರಿಗೂ ಗೊತ್ತು.

ಈ ವಾರದ ಕೆಲಸ: ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಒಂದು ಚೀಟಿ ಇಟ್ಟುಕೊಂಡು, ಯಾರು ಎಷ್ಟು ಸಲ ಮೂಗು ಆಡಿಸಿದರು, ಎಷ್ಟು ಸಲ ಕಿವಿ, ಎಷ್ಟು ಸಲ ಗದ್ದ ಎತ್ತಿ ‘ಚ್’ ಅಂದರು ಎಂದು ಗೆರೆ ಎಳೆದು ಎಣಿಸಿ. ಅಜ್ಜ ಅಜ್ಜಿಯರೂ ಎಣಿಸಬಹುದು. ಫೋನು ಬಂದರೆ ಅದನ್ನೂ ಬಿಡಬೇಡಿ. ನನ್ನ ಮೊಮ್ಮಗ ಫೋನಿನಲ್ಲಿಯೂ ಬರೀ ತಲೆ ಆಡಿಸಿ ಸುಮ್ಮನೆ ನಿಲ್ಲುತ್ತಾನೆ. ಈ ಕಡೆಯಿಂದ ನಾನು ‘ಹಲೋ, ಹಲೋ’ ಎಂದು ಕೂಗುತ್ತಲೇ ಇರುತ್ತೇನೆ.